ಭಾಷಾ ಕಲಿಕೆಗೆ ಮೊಬೈಲ್: ಫೋಟೊ ಸಾಕು, ದನಿ ಬೇಕು

ಮಾನ್ಯ ಸಂಪಾದಕರೇ,

ಕೋವಿಡ್ ಕಾಲದಲ್ಲಿ ಆರಂಭವಾದ ಶಾಲಾ ವಾಟ್ಸ್‌ಆ್ಯಪ್ ಗುಂಪುಗಳು ನಮ್ಮ ಗದಗ ಭಾಗದಲ್ಲಿ ಇಂದಿಗೂ ನಡೆಯುತ್ತಿವೆ. ಆದರೆ ಕನ್ನಡದ ಮನೆಗೆಲಸದ ವಿಷಯದಲ್ಲಿ ಅವು ಪ್ರಶ್ನೋತ್ತರ ಬರೆಸಿ ಫೋಟೊ ತರಿಸಿಕೊಳ್ಳುವುದಕ್ಕೇ ನಿಂತುಬಿಟ್ಟಿವೆ. ಗೈಡ್ ನೋಡಿ ಬರೆದ ಮಗು ಯಾವುದು, ಪಾಠ ಓದಿ ಬರೆದ ಮಗು ಯಾವುದು ಎಂಬುದು ಫೋಟೊದಲ್ಲಿ ತಿಳಿಯುವುದಿಲ್ಲ. ಭಾಷಾ ಶಿಕ್ಷಕರು ಮೊಬೈಲ್ ಮೂಲಕ ಕೇಳಬೇಕಾದದ್ದು ಮಗು ಗಟ್ಟಿಯಾಗಿ ಓದುವ ದನಿಯನ್ನು.

40 ನಿಮಿಷದ ಅವಧಿಯಲ್ಲಿ ತುಂಬಿದ ತರಗತಿಯ ಎಲ್ಲರಿಂದಲೂ ಓದಿಸುವುದು ಆಗದ ಮಾತು. ಒಂದು ಪ್ಯಾರಾ ಓದಿ ಧ್ವನಿಮುದ್ರಿಸಲು ಹೇಳಿದರೆ, ಒತ್ತಕ್ಷರ ನುಂಗಿದ್ದು, ‘ಳ’ಕಾರ ‘ಲ’ಕಾರವಾದದ್ದು, ಪೂರ್ಣವಿರಾಮ ದಾಟಿ ಓಡಿದ್ದು ಶಿಕ್ಷಕರಿಗಿಂತ ಮೊದಲು ಮಗುವಿನ ಕಿವಿಗೇ ಬೀಳುತ್ತದೆ. ನಮ್ಮ ಓಣಿಯ 5ನೇ ತರಗತಿಯ ಬಾಲಕಿಯೊಬ್ಬಳು ತನ್ನ ಓದನ್ನು ಕೇಳಿದ ಕೂಡಲೇ, ‘ಅಜ್ಜಾರ, ಇದನ್ನ ಅಳಸ್ರಿ, ಇನ್ನೊಮ್ಮೆ ಓದ್ತೇನಿ’ ಎಂದಳು. ಕೆಂಪು ಶಾಯಿಯ ತಿದ್ದುಪಡಿ ನೋಡಿ ಯಾವ ಮಗುವೂ ಹೀಗೆ ಕೇಳಿದ್ದನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ.

ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡುವ ಮಕ್ಕಳಿಗಂತೂ, ಶಿಕ್ಷಕರು ತಾವೇ ಪಾಠ ಓದಿ ಕಳುಹಿಸಿದ ಧ್ವನಿ ಸಂದೇಶ ದೊಡ್ಡ ಆಸರೆ. ತರಗತಿಯಲ್ಲಿ ಒಮ್ಮೆ ಕೇಳಿ ಮರೆತದ್ದನ್ನು ಅವರು ಬೇಕಾದಷ್ಟು ಸಲ ಕೇಳಬಹುದು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದ ಪಾಠಗಳೂ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದ ನಿಘಂಟುಗಳೂ ಉಚಿತವಾಗಿಯೇ ಇವೆ.

ಎರಡು ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಮಗುವಿನ ಓದು ಗುಂಪಿಗೆ ಹೋಗದೆ ಶಿಕ್ಷಕರೊಬ್ಬರಿಗೇ ತಲುಪಬೇಕು. ತಡವರಿಸುವ ಮಗುವಿನ ಓದನ್ನು ಊರೆಲ್ಲ ಕೇಳುವಂತಾದರೆ ಆ ಮಗು ಮುಂದೆ ಬಾಯಿ ಬಿಡುವುದೇ ಇಲ್ಲ. ಇನ್ನು, ಅನೇಕ ಮನೆಗಳಲ್ಲಿ ಇರುವುದೊಂದೇ ಮೊಬೈಲ್. ಅದು ತಂದೆಯೊಡನೆ ಹೊಲಕ್ಕೋ ಎಪಿಎಂಸಿಗೋ ಹೋಗಿ ರಾತ್ರಿ ಮರಳುತ್ತದೆ. ಆದ್ದರಿಂದ ವಾರಕ್ಕೊಂದು ಓದು ಸಾಕು. ಅಷ್ಟೂ ಸಾಧ್ಯವಾಗದ ಮಕ್ಕಳಿಗೆ ಶಾಲೆಯಲ್ಲೇ ಧ್ವನಿಮುದ್ರಿಸಲು ಶಿಕ್ಷಣ ಇಲಾಖೆಯು ಪ್ರತಿ ಶಾಲೆಗೂ ಒಂದು ಮೊಬೈಲ್ ಒದಗಿಸಲಿ. ಭಾಷಾ ಶಿಕ್ಷಕರ ಮುಂದಿನ ತರಬೇತಿಯಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಈ ಕ್ರಮವನ್ನು ಸೇರಿಸಲಿ ಎಂದು ವಿನಂತಿಸುತ್ತೇನೆ.

– ನಿವೃತ್ತ ಕನ್ನಡ ಶಿಕ್ಷಕ, ಗದಗ