ನಡುಗುವ ಕೈಗೆ ಅವಸರ ಮಾಡಬೇಡಿ, ಮಾತ್ರೆಯನ್ನೂ ಬಿಡಿಸಬೇಡಿ

ಮಾನ್ಯರೇ,

ನಮ್ಮ ಯಜಮಾನರು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಕೆಲವು ವರ್ಷಗಳಿಂದ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಮನೆಗೆ ಬಂದವರು ಹೇಳುವ ಮಾತು ಎರಡೇ. 'ವಯಸ್ಸಾಯ್ತಲ್ವಾ, ಕೈ ನಡುಗೋದು ಸಹಜ.' ಇಲ್ಲವೇ, 'ಇಷ್ಟೊಂದು ಮಾತ್ರೆ ಯಾಕ್ರೀ, ಪ್ರಾಣಾಯಾಮ ಮಾಡ್ಸಿ, ವಾಸಿಯಾಗ್ತದೆ.' ಎರಡೂ ತಪ್ಪು. ಎರಡನೆಯದನ್ನು ನಂಬಿದರೆ ಅಪಾಯ.

ಮೈಕೈ ಚಲನೆ ಹತೋಟಿಯಲ್ಲಿಡಲು ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ಮಿದುಳಿನಲ್ಲಿ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಇದು. ಲೆವೊಡೋಪಾ ಮಾತ್ರೆ ಆ ಕೊರತೆ ನೀಗಿಸುತ್ತದೆ, ಆದರೆ ಕೆಲವೇ ಗಂಟೆ. ಕಾಯಿಲೆ ಹಳೆಯದಾದಂತೆ ಆ ಹೊತ್ತೂ ಕಮ್ಮಿಯಾಗುತ್ತದೆ. ಅದಕ್ಕೇ ನಾನು ಗಡಿಯಾರ ನೋಡಿಕೊಂಡು, ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ ಕೊಡುತ್ತೇನೆ. ಬೇಳೆ, ಮೊಟ್ಟೆ, ಹಾಲಿನ ಜೊತೆ ಹೋದರೆ ಕೆಲವರಿಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಮೈ ಬಿಗಿದು, ಜ್ವರ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ, ನಿಜ. ಅದೇ ಕಾರಣಕ್ಕೆ ಡಾಕ್ಟರಿಗೆ ಹೇಳದೆ ಅದರ ಪುಡಿ ಕೊಡಬಾರದು.

ಹಾಗಂತ ಮನಸ್ಸಿಗೂ ಕಾಯಿಲೆಗೂ ಸಂಬಂಧ ಇಲ್ಲ ಅಂತಲ್ಲ. ಒಮ್ಮೆ ಬ್ಯಾಂಕಿನಲ್ಲಿ ಯಜಮಾನರ ಸಹಿ ಹೊಂದಲಿಲ್ಲ. ಈ ಕಾಯಿಲೆಯಲ್ಲಿ ಅಕ್ಷರ ಬರಬರುತ್ತಾ ಸಣ್ಣದಾಗುತ್ತದೆ. 'ಬೇಗ ಮಾಡ್ರೀ, ಹಿಂದೆ ಜನ ಇದಾರೆ' ಎಂದು ಕೌಂಟರಿನವರು ಗದರಿದರು. ಪೆನ್ನು ಹಿಡಿದ ಕೈ ಮೊದಲಿಗಿಂತ ಜೋರಾಗಿ ನಡುಗಿತು, ಪೆನ್ನು ಜಾರಿ ಬಿತ್ತು. ಕುರ್ಚಿ ಕೇಳಿ ಕೂರಿಸಿದೆ. ಸ್ವಲ್ಪ ಹೊತ್ತು ಕೂತು, ನಿಧಾನ ಉಸಿರಾಡಿ, ಅವರೇ ಸಹಿ ಮಾಡಿದರು. ಆತಂಕ ಇಳಿದರೆ ನಡುಕವೂ ಇಳಿಯುತ್ತದೆ. ಕುಂದುವಾಡ ಕೆರೆ ದಂಡೆಯಲ್ಲಿ ನಡೆಯುವಾಗ ಕೆಲವೊಮ್ಮೆ ಅವರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಕೈ ಹಿಡಿದು ಎಳೆಯುವುದಿಲ್ಲ. ಪಕ್ಕದಲ್ಲಿ ನಿಂತು 'ಒಂದು, ಎರಡು' ಎನ್ನುತ್ತೇನೆ, ಆ ಲಯಕ್ಕೆ ಹೆಜ್ಜೆ ಬರುತ್ತದೆ. ನಡಿಗೆ, ಯೋಗ, ಹಾಡು, ನಿದ್ದೆ ಎಲ್ಲವೂ ಬೇಕು. ಮಾತ್ರೆ ಬಿಟ್ಟು ಅಲ್ಲ, ಮಾತ್ರೆಯ ಜೊತೆಗೆ. ಮಂಕು ಕವಿದು ಮಾತು ಬಿಟ್ಟರೆ ಅದನ್ನೂ ಡಾಕ್ಟರಿಗೆ ಹೇಳಿ. ಖಿನ್ನತೆಯೂ ಈ ಕಾಯಿಲೆಯ ಭಾಗವೇ, ಅದಕ್ಕೂ ಚಿಕಿತ್ಸೆ ಇದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕೂಡ ಇದೆ. ಬ್ಯಾಂಕು, ಕಚೇರಿಗಳ ಸಿಬ್ಬಂದಿಗೆ ಇದನ್ನು ತಿಳಿಸಬೇಕು. ಇಂಥವರಿಗೊಂದು ಕುರ್ಚಿ, ಸಹಿ ಬಾರದಿದ್ದರೆ ಹೆಬ್ಬೆಟ್ಟು, ಇಷ್ಟಕ್ಕೆ ಖರ್ಚೇನೂ ಇಲ್ಲ.

ಆಸ್ಪತ್ರೆಗಳಿಗೂ ಒಂದು ಬಿನ್ನಹ. ಬೇರೆ ತೊಂದರೆಗೆ ದಾಖಲಾದರೂ ಇವರ ಮಾತ್ರೆಯನ್ನು ವಾರ್ಡಿನ ಹೊತ್ತಿಗಲ್ಲ, ಇವರ ಹೊತ್ತಿಗೇ ಕೊಡಿ. ವಾಂತಿಗೆ ಮೆಟೊಕ್ಲೋಪ್ರಮೈಡ್ ಬರೆಯುವ ಮುನ್ನ ಕಾಯಿಲೆ ಯಾವುದೆಂದು ಕೇಳಿ, ಅದರಿಂದ ನಡುಕ, ಬಿಗಿತ ಜಾಸ್ತಿಯಾಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಈ ರೋಗಿಗಳಿಗೂ ಮನೆಯವರಿಗೂ ಒಟ್ಟಾಗಿ ವ್ಯಾಯಾಮ ಹೇಳಿಕೊಡುವ ವ್ಯವಸ್ಥೆ ಆದರೆ ನಾವು ಮೊದಲ ದಿನವೇ ಬರುತ್ತೇವೆ.

– ಒಬ್ಬ ಓದುಗಿ, ದಾವಣಗೆರೆ