ಗೆಳೆಯನಿಗೊಂದು ಪತ್ರ: ಬೀದರಿಗೆ ಸೈಕಲ್ ತುಳಿಯುವ ಮುನ್ನ

ಪ್ರಿಯ ಗೆಳೆಯಾ,

ನಿನ್ನ ಕಿವಿಗೆ ಬಿದ್ದ ಸುದ್ದಿ ನಿಜ. ಬರುವ ಡಿಸೆಂಬರಿನಲ್ಲಿ, ಹೊಲದ ತೊಗರಿ ಕೊಯ್ಲಿಗೆ ಬರುವ ಹೊತ್ತಿಗೆ, ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಬೀದರಿನವರೆಗೆ ಸೈಕಲ್ ತುಳಿಯಲಿದ್ದೇನೆ. ನನ್ನ ಹೆಂಡತಿ, ನಿನ್ನ ವೈನಿಯ ನೆನಪಿಗೆಂದು ಕೈಗೊಂಡ, ನೂರು ಕಿಲೋಮೀಟರಿಗೂ ಮಿಕ್ಕ ದಾರಿ ಇದು. ದೇಣಿಗೆಯಾಗಿ ಕೂಡಿದ ಹಣವೆಲ್ಲ ಗರ್ಭಕಂಠದ ಕ್ಯಾನ್ಸರಿನ ಚಿಕಿತ್ಸೆಗೆ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳ ಊಟ, ವಸತಿಗೆ ಹೋಗುತ್ತದೆ.

ಆಯುಷ್ಮಾನ್ ಕಾರ್ಡಿನಿಂದ ಆಸ್ಪತ್ರೆಯ ಖರ್ಚು ನೀಗಬಹುದು. ಆದರೆ ವಿಕಿರಣ ಚಿಕಿತ್ಸೆಯೊಂದೇ ವಾರಕ್ಕೆ 5 ದಿನಗಳಂತೆ ಸುಮಾರು 5 ವಾರ ನಡೆಯುತ್ತದೆ. ಔರಾದಿನಿಂದಲೋ ಚಿಂಚೋಳಿಯ ತಾಂಡಾದಿಂದಲೋ ಬಂದವಳು ಅಷ್ಟು ದಿನ ಎಲ್ಲಿ ಉಳಿಯಬೇಕು, ಜೊತೆಗೆ ಬಂದವನ ಕೂಲಿಯನ್ನು ಯಾರು ತುಂಬಿಕೊಡಬೇಕು? ಆಸ್ಪತ್ರೆಯ ಗೋಡೆಯ ಬದಿಗೆ ಕುಳಿತು, ಬಟ್ಟೆಯ ಗಂಟು ಬಿಚ್ಚಿ, ಕಡಕ್ ರೊಟ್ಟಿಗಳನ್ನು ಎಣಿಸಿ, ಅರ್ಧ ಮಾತ್ರ ಮುರಿದುಕೊಂಡು ಉಳಿದದ್ದನ್ನು ಮತ್ತೆ ಕಟ್ಟಿಟ್ಟ ಒಬ್ಬ ಗಂಡನನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದು ಎಲ್ಲರಿಗೂ ಹೇಳುವ ಮಾತು. ನಿನಗೆ ಹೇಳಬೇಕಾದದ್ದು ಬೇರೆಯೇ ಇದೆ, ಅದನ್ನೂ ಎಲ್ಲರ ಎದುರಿಗೇ ಹೇಳುತ್ತಿದ್ದೇನೆ.

ನಿನ್ನ ವೈನಿ ತನ್ನ ಕಾಯಿಲೆಯ ಹೆಸರನ್ನು ಯಾರಿಗೂ ಹೇಳಗೊಡಲಿಲ್ಲ. ತವರಿನವರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದಳು, ಓಣಿಯವರಿಗೆ ರಕ್ತ ಕಡಿಮೆ ಎಂದಳು. ನಿನಗೂ ಅಷ್ಟೇ ಗೊತ್ತಿತ್ತು. ಈಗ ಕರಪತ್ರದ ಕರಡಿನಲ್ಲಿ, ಇಳಕಲ್ ಸೀರೆಯ ಸೆರಗು ಹೊದ್ದ ಅವಳ ಚಿತ್ರದ ಕೆಳಗೇ ಆ ಹೆಸರು ದಪ್ಪಕ್ಷರದಲ್ಲಿದೆ. ಅವಳು ಮುಚ್ಚಿಟ್ಟದ್ದನ್ನು ಬಿಚ್ಚಿಡುವ ಹಕ್ಕು ಗಂಡನಾದವನಿಗೂ ಇದೆಯೇ ಎಂದು ಯೋಚಿಸುತ್ತ ರಾತ್ರಿಗಳನ್ನು ಕಳೆಯುತ್ತಿದ್ದೇನೆ.

ಆದರೆ ಈ ಕಾಯಿಲೆಯ ಮೂಲವಾದ ಎಚ್‌ಪಿವಿ ಎಂಬ ವೈರಾಣುವಿನ ಸೋಂಕು ಕ್ಯಾನ್ಸರಿಗೆ ತಿರುಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ದೀರ್ಘ ಕಾಲದಲ್ಲಿ ಸರಿಯಾದ ಹೊತ್ತಿಗೆ ಒಮ್ಮೆ, ನರ್ಸ್ ಒಬ್ಬರು ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಹತ್ತಿಯಿಂದ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾದರೆ, ಕೆಡತೊಡಗಿದ ಭಾಗ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. 30 ದಾಟಿದವರು 5 ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕಾದ ಪರೀಕ್ಷೆ ಅದು. ಹೆಸರೆತ್ತಲು ನಾಚುವ ಕಾಯಿಲೆಯ ಪರೀಕ್ಷೆಗೆ ಯಾರು ತಾನೇ ಬಂದಾರು?

ಇನ್ನೊಂದು ಮಾತಿದೆ. ನನಗೆ ಅವಳ ಮೇಲೆ ಕೋಪವಿದೆ. ಬಂದವರಿಗೆಲ್ಲ ತಿಂಗಳುಗಟ್ಟಲೆ ಸುಳ್ಳು ಹೇಳಿಸಿದಳು. ಹೋದ ಮೇಲೆ, ನಿಜ ಗೊತ್ತಿರುವ ಒಬ್ಬರ ಹೆಗಲ ಮೇಲೂ ತಲೆಯಿಟ್ಟು ಅಳಲು ನನಗೆ ಆಗಲಿಲ್ಲ. ಈ ಸವಾರಿಯಲ್ಲಿ ಅವಳ ಮೇಲಿನ ಪ್ರೀತಿ ಎಷ್ಟಿದೆಯೋ, ಆ ಹೆಸರನ್ನು ಊರೂರಿಗೂ ಕೂಗಿ ಹೇಳಬೇಕೆಂಬ ಹಟವೂ ಅಷ್ಟೇ ಇದೆ.

ಸಾಕು, ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ಕರಪತ್ರದಿಂದ ಚಿತ್ರ ತೆಗೆಸುತ್ತೇನೆ, ಕಾಯಿಲೆಯ ಹೆಸರು ಇದ್ದಂತೆಯೇ ಇರಲಿ. ನೀನು ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಒಂದು ಹಣಿಗೆ ಹಿಡಿದು ನಿಂತಿರು. ಹುಮನಾಬಾದಿನ ಚಹಾ ಹಳೆಯ ಲೆಕ್ಕದಂತೆ ನಿನ್ನದೇ. ಆ ಹಸಿರು ಮಫ್ಲರನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟು ಬಾ.

ನಿನ್ನ ಗೆಳೆಯ