ಹಿಮದ ಮೇಲೆ ಮಳೆ

ಚಿಂತಾಮಣಿ
ಬುಧವಾರ

ಚಿ. ಸಿಂಧುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸಮಾಚಾರ ನಿಮ್ಮಪ್ಪ ತಿಳಿಸಿರುತ್ತಾನೆ. ನನಗೆ ನಿನ್ನ ಪತ್ರದ ಒಂದೇ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಚಳಿ ಕಮ್ಮಿಯಾಗಿದೆ, ಬೆಟ್ಟದಲ್ಲಿ ಹಿಮದ ಮೇಲೆ ಮಳೆ ಸುರಿಯುತ್ತಿದೆ, ಆದರೂ ಶನಿವಾರ ಎಲ್ಲರೂ ಅಲ್ಲಿಗೇ ಹೊರಟಿದ್ದಾರೆ, ನನಗೆ ಭಯ, ಬೇಡ ಅನ್ನೋಕೆ ನಾಚಿಕೆ ಅಂತ ಬರೆದಿದ್ದೀಯಲ್ಲ, ಅದು. ರಾತ್ರಿ ಎರಡು ಸಲ ಎದ್ದು ಓದಿದೆ.

ಹಿಮ ನಾನು ಕಂಡವನಲ್ಲ. ಮಳೆಗೆ ನೆನೆದ ಮಣ್ಣು ಗೊತ್ತು. ತೋಟದಲ್ಲಿ ಬಾವಿ ತೋಡಿಸುವಾಗ ನನಗೆ 19. ಮೂರು ದಿನ ಜಡಿಮಳೆ ಹಿಡಿದು ಬಿಟ್ಟಿತ್ತು. ಬೆಳಗ್ಗೆ ಹೋಗಿ ನೋಡಿದರೆ ಅಂಚಿನಿಂದ ಎರಡು ಮೊಳ ಈಚೆಗೆ ನೆಲದಲ್ಲಿ ಒಂದು ಸಣ್ಣ ಬಿರುಕು. ನಿಂತ ನೀರು ಸದ್ದಿಲ್ಲದೆ ಅದರೊಳಗೆ ಇಳಿಯುತ್ತಿತ್ತು. ಬೆರಳಿಟ್ಟು ನೋಡಿದೆ. ದೊಡ್ಡವರೆಲ್ಲ ಅಲ್ಲೇ ಇದ್ದರು. ಇವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಅಂತ ಸುಮ್ಮನಾದೆ. ಊಟದ ಹೊತ್ತಿಗೆ ಮುಂಚೆ ಆ ಕಡೆಯ ಮಣ್ಣು ಪೂರ್ತಿ ಕುಸಿಯಿತು. ಒಳಗೆ ಒಬ್ಬ ಆಳಿದ್ದ. ಗುದ್ದಲಿ, ಸನಿಕೆ ಎಲ್ಲ ಅವನ ಜೊತೆಗೇ ಮಣ್ಣಡಿ ಹೋಗಿತ್ತು. ಬರಿಗೈಯಲ್ಲಿ ಬಗೆದೆವು. ಜೀವ ಉಳಿಯಿತು, ಕಾಲು ಹೋಯಿತು. ಆಮೇಲೆ ಎಷ್ಟೋ ವರ್ಷ ಸಂತೆಯಲ್ಲಿ ಸಿಕ್ಕಾಗೆಲ್ಲ ಅವನೇ ನಗುತ್ತಾ ಮಾತಾಡಿಸುತ್ತಿದ್ದ. ಬಿರುಕು ನಾನು ನೋಡಿದ್ದೆ ಅಂತ ಅವನಿಗೆ ಹೇಳಲೇ ಇಲ್ಲ. ನಿಮ್ಮಪ್ಪನಿಗೂ ಹೇಳಿಲ್ಲ. ನಿನಗೇ ಮೊದಲು.

ಈಗ ಆ ಬಾವಿಯಲ್ಲಿ ನೀರೂ ಇಲ್ಲ, ಬಿಡು.

ನಿನ್ನ ಪತ್ರ ಬಂದ ಮೇಲೆ ಒಂದಿಷ್ಟು ಓದಿದೆ. ಸಮುದ್ರದ ಕಡೆಯಿಂದ ಬೆಚ್ಚನೆಯ ಗಾಳಿ ತೇವ ಹೊತ್ತು ಬಂದರೆ ಹೊಸ ಹಿಮದ ಮೇಲೇ ಮಳೆ ಬೀಳುತ್ತದೆ. ಮೇಲೆ ಭಾರ ಜಾಸ್ತಿ, ಒಳಗೆ ಹಿಡಿತ ಕಮ್ಮಿ. ಕೆನಡಾದ ನಿಮ್ಮ ವ್ಯಾಂಕೂವರ್‌ನಿಂದ ಗಡಿ ದಾಟಿದರೆ ಸಿಗುವ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ವೆಲ್ಲಿಂಗ್ಟನ್ ಅನ್ನುವ ಊರಿತ್ತಂತೆ. ದಿನಗಟ್ಟಲೆ ಹಿಮ ಸುರಿದು ಎರಡು ರೈಲು ಅಲ್ಲೇ ಸಿಕ್ಕಿಕೊಂಡಿದ್ದವು. ಆಮೇಲೆ ಬೆಚ್ಚಗಾಗಿ ಮಳೆ, ಗುಡುಗು. 1910ರ ಮಾರ್ಚ್ 1ರ ನಡುರಾತ್ರಿ ಕಳೆದ ಮೇಲೆ ಹಿಮ ಕುಸಿದು ರೈಲುಗಳನ್ನೇ ಕಣಿವೆಗೆ ತಳ್ಳಿತು. 96 ಜನ ಹೋದರು. ಚಳಿ ಕಮ್ಮಿಯಾಗಿದೆ ಅಂತ ನೀನು ಬರೆದ ಕಡೆ ನನ್ನ ಎದೆ ಝಲ್ಲೆಂದಿದ್ದು ಅದಕ್ಕೇ.

ಬುದ್ಧಿ ಹೇಳುವಷ್ಟು ನಾನು ತಿಳಿದವನಲ್ಲ, ಬೇಜಾರು ಮಾಡಿಕೊಳ್ಳಬೇಡ. ಹಿಮಕುಸಿತದ ಮುನ್ಸೂಚನೆ ಕೊಡುವ ಅವಲಾಂಚ್ ಕೆನಡಾ ಸಂಸ್ಥೆಯವರು ಚಳಿಗಾಲದಲ್ಲಿ ದಿನಾ ಅಪಾಯದ ಮಟ್ಟ ಹೇಳುತ್ತಾರೆ, ಒಟ್ಟು ಐದು ಮಟ್ಟ. ನಿನ್ನ ಬಾಯಿಂದ ಬೇಡ ಅನ್ನೋಕೆ ಆಗದಿದ್ದರೆ ಅದನ್ನೇ ಎಲ್ಲರ ಮುಂದೆ ಜೋರಾಗಿ ಓದು. 30ರಿಂದ 45 ಡಿಗ್ರಿ ಇಳಿಜಾರೇ ಜಾಸ್ತಿ ಜಾರುವುದಂತೆ. ಅದರ ಮೇಲಷ್ಟೇ ಅಲ್ಲ, ಅದರ ಕೆಳಗೂ ಓಡಾಡಬೇಡ. ಹೂತವರನ್ನು ಹುಡುಕುವ ಟ್ರಾನ್ಸೀವರ್, ಚುಚ್ಚಿ ನೋಡುವ ಕೋಲು, ಸನಿಕೆ, ಇವು ಒಬ್ಬೊಬ್ಬರ ಹತ್ತಿರವೂ ಇರಬೇಕು. ಹಿಮದಡಿ ಹತ್ತು ಹದಿನೈದು ನಿಮಿಷ ದಾಟಿದರೆ ಬದುಕುವುದು ಕಷ್ಟ. ಇವೆಲ್ಲ ಇದೆ ಅಂತ ಧೈರ್ಯ ಮಾಡಿ ಹೋಗೋದೂ ಬೇಡ ಮಗಳೇ.

ನಾಚಿಕೆ ಅಂದೆಯಲ್ಲ. ನಿನ್ನ ಜೊತೆ ಬರುವವರಲ್ಲಿ ಇನ್ನೊಬ್ಬರಿಗೂ ಇದೇ ಭಯ ಇದ್ದು ಬಾಯಿ ಮುಚ್ಚಿಕೊಂಡಿರಬಹುದು, ಅಲ್ವಾ? ದೊಡ್ಡಪ್ಪ ಬೇಡ ಅಂದರು, ಹಟ ಮಾಡುತ್ತಿದ್ದಾರೆ ಅಂತ ನನ್ನ ಮೇಲೇ ಹಾಕು.

ಇದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೇನೆ. ಅಲ್ಲಿ ಶನಿವಾರ ಸಂಜೆ 5 ಗಂಟೆ ಅಂದರೆ ಇಲ್ಲಿ ಭಾನುವಾರ ಬೆಳಗ್ಗೆ. ನಾನು ಎದ್ದೇ ಇರುತ್ತೇನೆ, ಒಂದು ಫೋನ್ ಮಾಡು.

ನಿನ್ನ ದೊಡ್ಡಪ್ಪ